ಸಹಿ ಆಕೆಯದೊಂದೇ ಸಾಕು

ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಗರ್ಭ ಬೇಡವೆಂದು ಬರುವ ಹೆಣ್ಣುಮಕ್ಕಳ ಜೊತೆ ಮೊದಲು ಕೂತು ಮಾತಾಡುವ ಕೆಲಸ ವರ್ಷಗಳಿಂದ ನನ್ನದೇ. ಎಷ್ಟೋ ಜನ ಬರುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಗಂಡನ ಸಹಿ ಇಲ್ಲದೆ ಆಗೋದಿಲ್ಲ ಎಂದು ಯಾರೋ ಹೇಳಿರುತ್ತಾರೆ, ಗಂಡ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿರುತ್ತಾನೆ. ಹೀಗಾಗಿ ನಾನು ಮೊದಲು ಹೇಳುವ ಮಾತು ಇದೇ: 18 ತುಂಬಿದ್ದರೆ ನಿನ್ನ ಸಹಿಯೊಂದೇ ಸಾಕು. 18 ತುಂಬದವರಿಗೆ, ಮಾನಸಿಕ ಕಾಯಿಲೆ ಇದ್ದವರಿಗೆ ಮಾತ್ರ ಪಾಲಕರ ಒಪ್ಪಿಗೆ ಬೇಕು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲೇ ಹೀಗಿದೆ.

ಇನ್ನೊಂದು ಹೆದರಿಕೆ ಗೋಡೆಯ ಮೇಲಿನ ಬೋರ್ಡಿನದು. 'ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ' ಎಂದು ಓದಿದವರು ಗರ್ಭ ತೆಗೆಸುವುದೇ ಅಪರಾಧ ಎಂದುಕೊಳ್ಳುತ್ತಾರೆ. ಅದು 1994ರ ಬೇರೆಯೇ ಕಾಯ್ದೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡಿಸುವುದು ತಪ್ಪು; ಕಾನೂನು ಹೇಳಿದ ಕಾರಣಗಳಿಗೆ, ಹೇಳಿದ ಅವಧಿಯೊಳಗೆ ವೈದ್ಯರಿಂದ ಗರ್ಭ ತೆಗೆಸಿಕೊಳ್ಳುವುದು ತಪ್ಪಲ್ಲ. ಮದುವೆ ಆಗಿರಲೇಬೇಕು ಎಂಬುದೂ ಇಲ್ಲ. 1971ರ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ, 2022ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಅದನ್ನು ಸ್ಪಷ್ಟ ಮಾಡಿವೆ.

ಆಮೇಲೆ ದಿನದ ಲೆಕ್ಕ. ಗುಳಿಗೆಯಿಂದ ಆಗುವುದು ಒಂಬತ್ತು ವಾರದೊಳಗೆ, ಆ ಒಂಬತ್ತು ವಾರ ಎಣಿಸುವುದು ಕಡೆಯ ಮುಟ್ಟಿನ ಮೊದಲ ದಿನದಿಂದ. ತಾರೀಖು ಕೇಳಿದರೆ ನಮ್ಮ ಕಡೆ ಉತ್ತರ ಸಿಗುವುದು ಕಡಿಮೆ, ಹಬ್ಬ ಕೇಳಬೇಕು.

"ಕಡೀಕ ಹೊರಗಾಗಿದ್ದು ಯಾವಾಗವಾ ತಂಗಿ?"

"ತಾರೀಖ್ ನೆನಪಿಲ್ರಿ ಅಕ್ಕಾರ. ಎಳ್ಳ ಅಮಾಸಿ ದಿನಾನ ಆತ್ರಿ. ಎಲ್ಲಾರೂ ಚರಗ ಚೆಲ್ಲಾಕ ಹೊಲಕ್ಕ ಹೋದ್ರು, ನಾ ಒಬ್ಬಾಕಿ ಮನ್ಯಾಗ ಉಳದ್ನಿರಿ."

ಆಕೆ ಬಂದದ್ದು ಭಾರತ ಹುಣ್ಣಿಮೆ ಕಳೆದ ವಾರ. ಎಳ್ಳ ಅಮಾವಾಸ್ಯೆಯಿಂದ ಬನದ ಹುಣ್ಣಿಮೆಗೆ ಹದಿನೈದು ದಿನ, ಅಲ್ಲಿಂದ ಭಾರತ ಹುಣ್ಣಿಮೆಗೆ ಒಂದು ತಿಂಗಳು. ಏಳು ವಾರದ ಆಸುಪಾಸು. ಲೆಕ್ಕ ನಾನು ಹಾಕಿದರೂ ತಪಾಸಣೆ ಮಾಡಿ ಖಚಿತ ಮಾಡುವುದು ಡಾಕ್ಟರೇ. ಅದು ಬರೀ ಶಾಸ್ತ್ರವಲ್ಲ. ಔಷಧ ಅಂಗಡಿಯಿಂದ ಕಿಟ್ ತಂದು ನುಂಗಿ, ಕಿಬ್ಬೊಟ್ಟೆಯ ಒಂದೇ ಬದಿ ಹಿಡಿದುಕೊಂಡು ಬಂದವಳನ್ನು ಕಂಡಿದ್ದೇನೆ. ಗರ್ಭ ಗರ್ಭಕೋಶದಲ್ಲಲ್ಲ, ಅದರ ಪಕ್ಕದ ನಾಳದಲ್ಲಿ ನಿಂತಿತ್ತು. ಅಂಥ ಗರ್ಭಕ್ಕೆ ಈ ಗುಳಿಗೆ ಹತ್ತುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ. ಅವತ್ತು ಆಂಬುಲೆನ್ಸ್ ಬೇಗ ಸಿಕ್ಕಿತು. ಚೀಟಿ ಕೇಳದೆ ಕಿಟ್ ಕೊಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಹಿಮೋಗ್ಲೋಬಿನ್, ಬಿಪಿ, ರಕ್ತದ ಗುಂಪು ನೋಡಿಯೇ ಮೊದಲ ಗುಳಿಗೆ: ಮಿಫೆಪ್ರಿಸ್ಟೋನ್, 200 ಮಿಲಿಗ್ರಾಂ. 36ರಿಂದ 48 ತಾಸಿನ ನಡುವೆ ಮಿಸೊಪ್ರೊಸ್ಟಾಲ್ ನಾಲ್ಕು ಗುಳಿಗೆ, ಒಟ್ಟು 800 ಮೈಕ್ರೋಗ್ರಾಂ. ಹೊಟ್ಟೆನೋವು, ರಕ್ತಸ್ರಾವ ಜೋರಾಗುವುದು ಈ ಎರಡನೆಯದರ ನಂತರ. ಮುಟ್ಟಿನ ನೋವಿಗಿಂತ ಹೆಚ್ಚೇ ಇರುತ್ತದೆ, ಗಡ್ಡೆ ಗಡ್ಡೆ ಹೋಗುತ್ತದೆ. ಇದನ್ನು ಮುಚ್ಚಿಡದೆ ಹೇಳುತ್ತೇನೆ, ನೋವಿನ ಗುಳಿಗೆಯನ್ನೂ ಕೈಗೆ ಕೊಟ್ಟೇ ಕಳಿಸುತ್ತೇನೆ.

ತಾಸಿಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ತೊಯ್ದು, ಹಾಗೇ ಎರಡು ತಾಸು ಮುಂದುವರಿದರೆ ರಾತ್ರಿಯಾದರೂ ಸರಿ, ಕೂಡಲೇ ಬರಬೇಕು. ಆದರೆ ಹಳೇ ಸೀರೆಯ ಬಟ್ಟೆ ಹಾಕಿಕೊಳ್ಳುವವಳಿಗೆ ಪ್ಯಾಡಿನ ಲೆಕ್ಕ ಹೇಳಿ ಏನು ಉಪಯೋಗ? ಒಬ್ಬೊಬ್ಬರ ಮಡಿಕೆ ಒಂದೊಂದು ಥರ. ಅದಕ್ಕೇ ನಾನು ಒಂದು ಪಾಕೀಟು ಪ್ಯಾಡ್ ಕೊಟ್ಟು, 'ಆ ಎರಡು ದಿನ ಇದನ್ನೇ ಹಾಕಿಕೋ, ಎಣಿಸುತ್ತಾ ಇರು' ಎನ್ನುತ್ತೇನೆ. ಜ್ವರ ಒಂದು ದಿನಕ್ಕಿಂತ ಹೆಚ್ಚು ಉಳಿದರೂ, ಕೆಟ್ಟ ವಾಸನೆ ಬಂದರೂ ಬರಬೇಕು. ಏನೂ ತೊಂದರೆ ಇಲ್ಲದಿದ್ದರೂ ಹದಿನೈದನೇ ದಿನ ಬಂದು ತೋರಿಸಲೇಬೇಕು, ಪೂರ್ತಿ ಹೋಗಿದೆಯೋ ಇಲ್ಲವೋ ನೋಡಬೇಕಲ್ಲ.

ಎರಡು ವಾರದೊಳಗೇ ಮತ್ತೆ ಗರ್ಭ ನಿಲ್ಲಬಹುದು ಎಂದರೆ ಬಹಳ ಮಂದಿ ನಂಬುವುದಿಲ್ಲ. ಎಳ್ಳ ಅಮಾವಾಸ್ಯೆ ಹೇಳಿದ ಆ ಹುಡುಗಿ ಗರ್ಭ ನಿಲ್ಲದಂತೆ ತಡೆಯುವ ಅಂತರಾ ಚುಚ್ಚುಮದ್ದು ಆರಿಸಿಕೊಂಡಳು. "ಗುಳಗಿ ಮನ್ಯಾಗ ಕಂಡ್ರ ನಮ್ಮತ್ತಿ ಕೇಳ್ತಾರ್ರಿ" ಎಂದಳು. ಮೂರು ತಿಂಗಳಿಗೊಮ್ಮೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಶುರುವಿಗೆ ಮುಟ್ಟು ಏರುಪೇರಾಗುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ಹೆದರಿ ಎರಡನೇ ಸೂಜಿಗೆ ಬರುವುದೇ ಇಲ್ಲ.