ಪರದೇಶದಲ್ಲಿದ್ದೀರಾ? ಡಿಸೆಂಬರ್ ಹಬ್ಬಕ್ಕೆ ಇಲ್ಲಿಗೆ ಹೋಗಿ

ರಜೆ ಬಂತು ಅಂತ ಸುಮ್ನೆ ರೂಮಿನಲ್ಲಿ ಕೂರಬೇಡಿ. ಯುರೋಪಿನಲ್ಲಿದ್ದರೆ ಮೊದಲು ಕ್ರಿಸ್‌ಮಸ್ ಮಾರ್ಕೆಟ್, ಅಂದ್ರೆ ಹಬ್ಬಕ್ಕೆಂದೇ ಬಯಲಲ್ಲಿ ನಡೆಯುವ ಸಂತೆ, ನೋಡಿ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ 1434ರಲ್ಲಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 1570ರಲ್ಲಿ ಶುರುವಾದ ಮಾರ್ಕೆಟ್‌ಗಳಿಗೆ ಈಗಲೂ ಜನ ಮುಗಿಬೀಳುತ್ತಾರೆ. ಒಬ್ಬರೇ ಹೋದರೂ ಒಂಟಿ ಅನ್ನಿಸುವುದಿಲ್ಲ, ಯಾಕಂದ್ರೆ ಎಲ್ಲರೂ ಬಯಲಲ್ಲೇ ನಿಂತು ತಿನ್ನುತ್ತಾ, ಬಿಸಿ ಪಾನೀಯ ಕುಡಿಯುತ್ತಾ, ಪಕ್ಕದವರ ಜೊತೆ ಮಾತಿಗಿಳಿಯುತ್ತಾರೆ. ಆದರೆ ದಿನಾಂಕ ನೋಡಿಕೊಳ್ಳಿ: ಜರ್ಮನಿಯಲ್ಲಿ ಎಷ್ಟೋ ಮಾರ್ಕೆಟ್‌ಗಳು ನವೆಂಬರ್ ಕೊನೆಗೆ ತೆರೆದು ಡಿಸೆಂಬರ್ 24ರ ಹೊತ್ತಿಗೆ ಮುಚ್ಚಿಬಿಡುತ್ತವೆ. ವಾರದ ನಡುವೆ, ಕತ್ತಲಾಗುವ ಮುಂಚೆ ಹೋದರೆ ನೂಕುನುಗ್ಗಲು ಕಮ್ಮಿ.

ಲಂಡನ್‌ನಲ್ಲಿದ್ದರೆ ಟ್ರಫಾಲ್ಗರ್ ಚೌಕಕ್ಕೆ ಹೋಗಿ. ಅಲ್ಲಿನ ದೊಡ್ಡ ಕ್ರಿಸ್‌ಮಸ್ ಮರವನ್ನು 1947ರಿಂದ ನಾರ್ವೆಯ ಓಸ್ಲೋ ನಗರ ಉಡುಗೊರೆಯಾಗಿ ಕಳಿಸುತ್ತಿದೆ. 25ನೇ ತಾರೀಕು ಮಾತ್ರ ಲಂಡನ್‌ನಲ್ಲಿ ಬಸ್ಸು, ಮೆಟ್ರೋ ಯಾವುದೂ ಓಡುವುದಿಲ್ಲ. ಆವತ್ತು ನಡೆದು ಹೋಗುವಷ್ಟು ಹತ್ತಿರದ ಗೆಳೆಯರ ಮನೆಯನ್ನೇ ಗೊತ್ತು ಮಾಡಿಕೊಳ್ಳಿ.

ನ್ಯೂಯಾರ್ಕ್‌ನವರಿಗೆ ರಾಕಫೆಲ್ಲರ್ ಸೆಂಟರ್‌ನ ದೊಡ್ಡ ಕ್ರಿಸ್‌ಮಸ್ ಮರ ಇದ್ದೇ ಇದೆ, ಬೆಳಗ್ಗೆ ಬೇಗ ಹೋಗಿ. ಚಳಿ ಬೇಡ ಅಂದ್ರೆ ಸಿಂಗಪುರದ ಆರ್ಚರ್ಡ್ ರಸ್ತೆಯ ದೀಪಗಳು ಚೆನ್ನ. ಡಿಸೆಂಬರ್ 31ಕ್ಕೆ ಸಿಡ್ನಿಯ ಹಾರ್ಬರ್ ಬ್ರಿಡ್ಜ್ ಪಟಾಕಿ ನೋಡಬೇಕಾ? ಒಳ್ಳೆ ಜಾಗ ಬೇಕಂದ್ರೆ ಬಹಳ ಮುಂಚೆ ಹೋಗಬೇಕು, ನೀರು ಮತ್ತು ಟೋಪಿ ಮರೆಯಬೇಡಿ, ಅಲ್ಲಿ ಆಗ ಬೇಸಿಗೆ ಅಲ್ವಾ!