ಹತ್ತನೇ ಕ್ಲಾಸಿಗೊಂದು ವಾಟ್ಸ್ಆ್ಯಪ್ ಗುಂಪು: ಮೊದಲು ಫೋನ್ ಲೆಕ್ಕ ಹಾಕಿ

ಶಾಲೆಯ ವಾಟ್ಸ್ಆ್ಯಪ್ ಗುಂಪು ಹೇಗಿರುತ್ತೆ ಅಂತ ನಿಮಗೂ ಗೊತ್ತಲ್ಲ. ಬೆಳಿಗ್ಗೆ ಹೂವಿನ ಚಿತ್ರದ ಜೊತೆ ಶುಭೋದಯ, ಮಧ್ಯಾಹ್ನ ಯಾರೋ ದಾಟಿಸಿದ ಸಾಲದ ಜಾಹೀರಾತು, ರಾತ್ರಿ ಹತ್ತಕ್ಕೆ ಮೇಷ್ಟ್ರ ಹೋಂವರ್ಕ್. ಮೊದಲ ವರ್ಷ ನಾನೂ ಹೀಗೇ ಮಾಡಿದೆ. ರಾತ್ರಿ ಗುಂಪಿಗೆ ಹಾಕಿದ್ದ ಲೆಕ್ಕ ಮಾಡಿಕೊಂಡು ಬಂದಿಲ್ಲ ಅಂತ ಒಬ್ಬ ಹುಡುಗಿಯನ್ನು ನಿಲ್ಲಿಸಿ ಬೈದೆ. ಅವಳ ಮನೆಯಲ್ಲಿದ್ದ ಒಂದೇ ಫೋನು ಅಪ್ಪನ ಜೊತೆ ಲಾರಿಯಲ್ಲಿ ಹುಬ್ಬಳ್ಳಿ ದಾಟಿತ್ತು. ಅವಳು ಅದನ್ನೂ ಹೇಳಲಿಲ್ಲ, ಪಕ್ಕದವಳು ಹೇಳಿದಳು.

ಅದಕ್ಕೇ ಮೊದಲು ಹಾಜರಿ ಪುಸ್ತಕ ತೆಗೆಯಿರಿ. ಒಂದೊಂದು ಹೆಸರಿನ ಮುಂದೆ ಫೋನು ಯಾರದ್ದು, ಅದು ಎಷ್ಟು ಹೊತ್ತಿಗೆ ಮನೆಗೆ ಬರುತ್ತೆ, ಇನ್ನೆಷ್ಟು ಮಕ್ಕಳು ಅದನ್ನೇ ಕಾಯ್ತಾರೆ ಅಂತ ಬರೆದುಕೊಳ್ಳಿ. ಎಲ್ಲರೆದುರು ಕೈ ಎತ್ತಿಸಬೇಡಿ, ಫೋನ್ ಇಲ್ಲದವರೂ ನಾಚಿಕೆಗೆ ಸುಮ್ನೆ ಎತ್ತಿಬಿಡ್ತಾರೆ. ಒಬ್ಬೊಬ್ಬರನ್ನೇ ಕೇಳಿ. ಎರಡು ದಿನ ಹಿಡಿಯುತ್ತೆ, ಹಿಡಿಯಲಿ.

ಆಮೇಲೆ ಪೋಷಕರ ಸಭೆಯಲ್ಲಿ ಒಪ್ಪಿಗೆ ಕೇಳಿ, ಸಹಿ ಹಾಕಿಸಿಕೊಳ್ಳಿ. ದೇಶದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳು ಅಂತಲೇ ನೋಡುತ್ತೆ. ಅದಿರಲಿ, ಮಗಳು ಫೋನ್ ಹಿಡಿದು ಏನು ಮಾಡ್ತಿದ್ದಾಳೆ ಅಂತ ತಾಯಿಗೆ ಗೊತ್ತಿದ್ದರೆ ನಿಮ್ಮ ಅರ್ಧ ತಲೆನೋವು ಅಲ್ಲೇ ಕಡಿಮೆ.

ಇನ್ನು ಗುಂಪು ಮಾಡುವ ವಿಷಯ. ಮಾಮೂಲಿ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತೆ. ಹೆಣ್ಣುಮಕ್ಕಳ ಮನೆಯವರು ಹಿಂಜರಿಯುವುದು ಇದಕ್ಕೇ, ಅವರು ಹಿಂಜರಿಯುವುದು ಸರಿಯೂ ಹೌದು. ಬರೀ ಸೂಚನೆ ಕಳಿಸೋದಾದರೆ ಗುಂಪೇ ಬೇಡ, ಬ್ರಾಡ್‌ಕಾಸ್ಟ್ ಲಿಸ್ಟ್ ಸಾಕು. ನೀವು ಒಮ್ಮೆ ಕಳಿಸಿದ್ದು ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತೆ, ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣಲ್ಲ. ಒಂದೇ ತೊಡಕು: ಅವರ ಫೋನಿನಲ್ಲಿ ನಿಮ್ಮ ನಂಬರು ಸೇವ್ ಆಗಿರಬೇಕು, ಇಲ್ಲದಿದ್ದರೆ ಮೆಸೇಜು ಮುಟ್ಟಲ್ಲ. ಸಭೆಯಲ್ಲೇ ಕೂರಿಸಿಕೊಂಡು ಸೇವ್ ಮಾಡಿಸಿ.

ಮಕ್ಕಳು ಮಾತಾಡಬೇಕು ಅಂದರೆ ಗುಂಪು ಬೇಕೇ ಬೇಕು. ಆಗ ನಿಮ್ಮ ಜೊತೆ ಇನ್ನೊಬ್ಬರು ಟೀಚರನ್ನೂ ಅಡ್ಮಿನ್ ಮಾಡಿ. ಇಬ್ಬರಲ್ಲಿ ಒಬ್ಬರು ಮಹಿಳೆ ಇರಲಿ. ಸಂಜೆ ಏಳರಿಂದ ಎಂಟೂವರೆ ತನಕ ಗುಂಪು ತೆರೆದಿರಲಿ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಅಡ್ಮಿನ್ ಮಾತ್ರ ಮೆಸೇಜ್ ಕಳಿಸುವ ಹಾಗೆ ಮಾಡಿಬಿಡಿ, ಹಬ್ಬದ ಶುಭಾಶಯಗಳ ಕಾಟ ತಪ್ಪುತ್ತೆ. ಯಾವ ಮಗುವಿನ ಜೊತೆಗೂ ಪ್ರತ್ಯೇಕ ಚಾಟ್ ಬೇಡ. ಯಾರಾದರೂ ನಿಮಗೊಬ್ಬರಿಗೇ ಡೌಟ್ ಕಳಿಸಿದರೆ, ಹೆಸರು ಹೇಳದೆ ಆ ಪ್ರಶ್ನೆಯನ್ನು ಗುಂಪಿಗೆ ತಂದು ಅಲ್ಲೇ ಉತ್ತರ ಕೊಡಿ.

ಅಲ್ಲಿ ಏನು ಹಾಕಬೇಕು? ನೋಟ್ಸಿನ ಪಿಡಿಎಫ್ ಹಾಕಬೇಡಿ, ಯಾರೂ ಓದಲ್ಲ. ದಿನಕ್ಕೆ ಒಂದೇ ಪ್ರಶ್ನೆ ಹಾಕಿ, ಅದೂ ಮನೆಯಲ್ಲೇ ಕೈಗೆ ಸಿಗುವ ವಸ್ತುವಿನದ್ದು. ಬೆಳಕಿನ ಪಾಠ ನಡೀತಿದ್ದಾಗ ನಾನು ಒಂದು ಸ್ಟೀಲ್ ಚಮಚದ ಫೋಟೊ ಹಾಕಿ ಇಷ್ಟೇ ಬರೆದೆ: ಇದರ ಎರಡೂ ಕಡೆ ಮುಖ ನೋಡಿಕೊಳ್ಳಿ, ಏನು ಕಾಣುತ್ತೆ? ಹತ್ತು ನಿಮಿಷದಲ್ಲಿ ಗುಂಪು ಗಿಜಿಗುಟ್ಟಿತು. ಒಳಗಡೆ ತಲೆಕೆಳಗು, ಹೊರಗಡೆ ನೇರ ಆದರೆ ಪುಟ್ಟದು. ಒಬ್ಬ ಚಮಚವನ್ನು ಕಣ್ಣಿನ ತೀರಾ ಹತ್ತಿರ ತಂದು, ಸರ್ ಒಳಗಡೇನೂ ನೇರ ಆಯ್ತು ಅಂದ. ನಿಮ್ನ ದರ್ಪಣದ, ಅಂದರೆ ಚಮಚದ ಒಳಗಡೆಯ ಹಾಗೆ ಒಳಬಾಗಿದ ಕನ್ನಡಿಯ, ಸಂಗಮಬಿಂದುವಿಗಿಂತ (ಬೆಳಕು ಬಂದು ಸೇರುವ ಜಾಗ) ಒಳಗೆ ವಸ್ತು ಬಂದರೆ ಬಿಂಬ ನೇರವಾಗುತ್ತೆ ಅಂತ ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೆನೋ! ಅರಿಶಿನಕ್ಕೆ ಸೋಪಿನ ನೀರು ಹಾಕಿದರೆ ಕೆಂಪಾಗುತ್ತಲ್ಲ, ಅದೂ ಹೀಗೇ ಒಂದು ಸಂಜೆಗೆ ಆಗುತ್ತೆ, ಪ್ರತ್ಯಾಮ್ಲದ ಪಾಠಕ್ಕೆ.

ಪೋಲ್ (ನಾಲ್ಕಾರು ಉತ್ತರ ಕೊಟ್ಟು ಒಂದನ್ನು ಒತ್ತಿಸೋದು) ಹಾಕುವಾಗ ಸ್ವಲ್ಪ ಹುಷಾರು. ವಾಟ್ಸ್ಆ್ಯಪ್‌ನಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತೆ. ಕ್ಲಾಸಿನ ಜಾಣೆ ಒಂದಕ್ಕೆ ಒತ್ತಿದಳು ಅನ್ನಿ, ಐದು ನಿಮಿಷದಲ್ಲಿ ಮೂವತ್ತು ಜನ ಅದಕ್ಕೇ ಒತ್ತಿರ್ತಾರೆ. ನಿಜವಾಗಿ ಯಾರಿಗೆ ತಿಳಿದಿದೆ ಅಂತ ನೋಡಬೇಕಿದ್ದರೆ ಟೆಲಿಗ್ರಾಂನ ಕ್ವಿಜ್ ವಾಸಿ. ಹೆಸರು ಕಾಣದ ಹಾಗೆ ಇಡಬಹುದು, ಉತ್ತರ ತಪ್ಪಾದ ತಕ್ಷಣ ನೀವು ಬರೆದಿಟ್ಟ ವಿವರಣೆಯೂ ತೆರೆಯುತ್ತೆ. ಆದರೆ ಅಪ್ಪನ ಫೋನಿಗೆ ಇನ್ನೊಂದು ಆ್ಯಪ್ ಹಾಕಿಸೋದು ಸುಲಭದ ಮಾತಲ್ಲ. ನಾನಂತೂ ಉತ್ತರವನ್ನು ಮೊದಲು ನೋಟ್‌ಬುಕ್‌ನಲ್ಲಿ ಬರೆದು ಆಮೇಲೆ ಒತ್ತಿ ಅಂತೀನಿ. ಮಾರನೇ ದಿನ ನೋಟ್‌ಬುಕ್ಕೇ ನೋಡ್ತೀನಿ.

ಡೌಟಿಗೆ ಉತ್ತರ ಟೈಪ್ ಮಾಡ್ತಾ ಕೂರಬೇಡಿ. ಒಂದು ನಿಮಿಷದ ವಾಯ್ಸ್ ಮೆಸೇಜ್ ಸಾಕು, ವಿಡಿಯೊದಷ್ಟು ಡೇಟಾನೂ ತಿನ್ನಲ್ಲ. ಮಕ್ಕಳಿಗೂ ವಾಯ್ಸ್‌ನಲ್ಲೇ ಕೇಳೋಕೆ ಹೇಳಿ. ಕ್ಲಾಸಿನಲ್ಲಿ ಬಾಯಿ ಬಿಡದವರು ಇಲ್ಲಿ ತಮ್ಮ ಊರಿನ ಮಾತಿನಲ್ಲೇ ಕೇಳ್ತಾರೆ.

ಫೋನ್ ಇಲ್ಲದ ಮಕ್ಕಳ ಕಥೆ? ಒಂದೇ ಓಣಿಯ ನಾಲ್ಕೈದು ಮಕ್ಕಳದ್ದು ಒಂದು ತಂಡ ಮಾಡಿ, ಅದರಲ್ಲಿ ಒಬ್ಬರ ಮನೆಯಲ್ಲಾದರೂ ಫೋನ್ ಇರಲಿ. ಜೊತೆಗೆ ನಿನ್ನೆಯ ಪ್ರಶ್ನೆಯನ್ನು ಬೆಳಿಗ್ಗೆ ಬೋರ್ಡ್ ಮೇಲೂ ಬರೆಯಿರಿ. ಫೋನಿನಲ್ಲಿ ಮಾತ್ರ ಕೊಟ್ಟ ಹೋಂವರ್ಕಿಗೆ ಅಂಕ ಇಲ್ಲ ಅಂತ ಮೊದಲ ದಿನವೇ ಹೇಳಿಬಿಡಿ. ನಾನು ಹೇಳೋದರಲ್ಲಿ ಒಂದೇ ಒಂದನ್ನು ಪಾಲಿಸೋದಾದರೆ ಇದನ್ನು ಪಾಲಿಸಿ.

ಅಂಕಪಟ್ಟಿ ಗುಂಪಿಗೆ ಹಾಕಲೇಬೇಡಿ. ಮಕ್ಕಳ ಮುಖ ಕಾಣುವ ಫೋಟೊ ನಿಮ್ಮ ಸ್ಟೇಟಸ್‌ಗೂ ಬೇಡ, ಫೇಸ್‌ಬುಕ್‌ಗೂ ಬೇಡ. ಚಮಚ ಹಿಡಿದ ಕೈಯ ಫೋಟೊ ಸಾಕಲ್ವಾ?

ಪರೀಕ್ಷೆ ಮುಗಿದ ವಾರವೇ ಎಲ್ಲರನ್ನೂ ತೆಗೆದು ಗುಂಪು ಮುಚ್ಚಿ, ಹಳೇ ಗುಂಪಿಗೇ ಹೊಸ ಮಕ್ಕಳನ್ನು ಸೇರಿಸಬೇಡಿ. ಮುಚ್ಚುವ ಮೊದಲು ನೀವು ಕಳಿಸಿದ ವಾಯ್ಸ್ ಮೆಸೇಜುಗಳನ್ನು ಪಾಠದ ಹೆಸರು ಹಾಕಿ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಷವೂ ಅದೇ ಡೌಟುಗಳೇ ಬರ್ತಾವೆ.