ಲಾಟಿನ ಲೆಕ್ಕಕ್ಕೆ ಬಣ್ಣ ಬಂದದ್ದು

ಬ್ಯಾಡಗಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಮೆಣಸಿನಕಾಯಿಯ ಲೆಕ್ಕ ಬರೆಯುತ್ತೇನೆ. ಸೋಮವಾರ, ಗುರುವಾರ ಟೆಂಡರ್ ಮುಗಿದು ತೂಕ ಶುರುವಾಯಿತೆಂದರೆ ತಲೆ ಎತ್ತಲು ಪುರಸೊತ್ತಿರುವುದಿಲ್ಲ. ಅಂಗಡಿಯ ಹಳೆಯ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿದ್ದೇನೆ. ಮೌಸ್ ಇಲ್ಲ, ಚಿತ್ರಗಳಿಲ್ಲ, ಬರೀ ಕಪ್ಪು ಪರದೆ. ಲಾಟಿಗೊಂದು, ಅಂದರೆ ಒಟ್ಟಿಗೆ ಮಾರಾಟವಾಗುವ ಒಂದು ರಾಶಿಗೊಂದು, ಸಾಲಿನಂತೆ ತಳಿ, ಚೀಲ, ತೂಕ, ದರವನ್ನು ನ್ಯಾನೋ ಎಡಿಟರಿನಲ್ಲಿ ಬರೆದಿಟ್ಟರೆ ಆಕ್ ಭಾಷೆಯ ಒಂದು ಸಣ್ಣ ಸ್ಕ್ರಿಪ್ಟ್ ರೈತರಿಗೆ ಕೊಡುವ ಲೆಕ್ಕದ ಪಟ್ಟಿ ತೆಗೆದುಕೊಡುತ್ತದೆ.

ಒಂದು ಗುರುವಾರ ಹಿರಿಯ ರೈತರೊಬ್ಬರು ಪಟ್ಟಿ ಹಿಡಿದುಕೊಂಡು ತಿರುಗಿ ಬಂದರು. “ತಮ್ಮಾ, ಹನ್ನೆರಡು ಚೀಲ ಕಾಯಿ ತಂದಿದ್ದೇನೆ, ನಾಲ್ಕು ಕಿಲೋ ಎಂದು ಬರೆದಿದ್ದೀಯಲ್ಲ?” ಎಂದರು. ಫೈಲು ತೆರೆದು ನೋಡಿದೆ, ತೂಕ 406.5 ಎಂದೇ ಕಾಣುತ್ತಿತ್ತು. ಮೂರು ಸಲ ನೋಡಿದ ಮೇಲೆ ಹೊಳೆಯಿತು: ನಡುವೆ ಇದ್ದದ್ದು ಸೊನ್ನೆಯಲ್ಲ, ಇಂಗ್ಲಿಷಿನ ಓ ಅಕ್ಷರ. ಇಂಥ ಕಡೆ ಆಕ್ ತಪ್ಪು ಎಂದು ಕೂಗುವುದಿಲ್ಲ. ಮೊದಲಿಗೆ ಸಿಕ್ಕ ಅಂಕಿಯನ್ನಷ್ಟೇ ಎತ್ತಿಕೊಂಡು ಮುಂದೆ ಹೋಗುತ್ತದೆ. ವರ್ಷವಿಡೀ ದುಡಿದವರ ಕೈಗೆ ಅಂಥ ಪಟ್ಟಿ ಕೊಟ್ಟೆನಲ್ಲ ಎಂದು ಅಂದು ರಾತ್ರಿ ಊಟ ಸೇರಲಿಲ್ಲ.

ಕಣ್ಣು ನಂಬುವಂತಿಲ್ಲ, ಬಣ್ಣವೇ ಬೇಕು ಎಂದು, ಬರಹದ ಒಂದೊಂದು ಬಗೆಯ ಪದಕ್ಕೆ ಒಂದೊಂದು ಬಣ್ಣ ಕೊಡುವ ಸಿಂಟ್ಯಾಕ್ಸ್ ಹೈಲೈಟಿಂಗ್ ಹಿಂದೆ ಬಿದ್ದೆ. ಮೊದಲು ವಿಮ್ ಎಂಬ ಇನ್ನೊಂದು ಎಡಿಟರಿನಲ್ಲಿ ‘ಸಿಂಟ್ಯಾಕ್ಸ್ ಆನ್’ ಎಂದೆ. ಈ ಆವೃತ್ತಿಯಲ್ಲಿ ಆ ಆದೇಶ ಇಲ್ಲ ಎಂಬ ಇ319 ದೋಷ ಬಂತು. ನಮ್ಮ ಯಂತ್ರದಲ್ಲಿದ್ದದ್ದು ವಿಮ್ ಟೈನಿ ಎಂಬ ಅದರ ಕಿರು ಆವೃತ್ತಿ, ಅದರಲ್ಲಿ ಬಣ್ಣದ ಸೌಲಭ್ಯವನ್ನೇ ತೆಗೆದಿರುತ್ತಾರೆ. ನನಗೆ ನ್ಯಾನೋ ಸಾಕು. ಅದರ ಕೀಲಿಗಳು ಪರದೆಯ ಕೆಳಗೇ ಬರೆದಿರುತ್ತವೆ, ಅಂಗಡಿಯಲ್ಲಿ ಯಾರು ಬೇಕಾದರೂ ಕುಳಿತು ಕಲಿಯಬಹುದು.

ನ್ಯಾನೋ ತನ್ನ ಬಣ್ಣದ ನಿಯಮಗಳನ್ನು ಯುಎಸ್‌ಆರ್, ಶೇರ್, ನ್ಯಾನೋ ಎಂದು ಒಂದರೊಳಗೊಂದಿರುವ ಫೋಲ್ಡರಿನಲ್ಲಿ ಭಾಷೆಗೊಂದು ಫೈಲಿನಂತೆ ಇಟ್ಟಿರುತ್ತದೆ. ನಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ನ್ಯಾನೋಆರ್‌ಸಿ ಎಂಬ ಫೈಲು ಮಾಡಿ, ಅದರಲ್ಲಿ ‘ಇನ್‌ಕ್ಲೂಡ್’ ಎಂದು ಬರೆದು ಆ ಫೈಲುಗಳ ದಾರಿಯನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಮುಗಿಯಿತು. ಸ್ಕ್ರಿಪ್ಟಿಗೆ ಆ ಕೂಡಲೇ ಬಣ್ಣ ಬಂತು. ಲಾಟಿನ ಫೈಲಿಗೆ ಮಾತ್ರ ಸಿದ್ಧ ನಿಯಮ ಎಲ್ಲಿಂದ ಬರಬೇಕು? ಅದನ್ನು ನಾನೇ ಬರೆದೆ.

‘ಸಿಂಟ್ಯಾಕ್ಸ್’ ಸಾಲಿನಲ್ಲಿ ಒಂದು ಹೆಸರು, ಹೆಸರಿನ ಕೊನೆಗೆ ಡಾಟ್ ಲಾಟ್ ಇರುವ ಫೈಲುಗಳಿಗೆ ಎಂಬ ಗುರುತು. ಅದರ ಕೆಳಗೆ ‘ಕಲರ್’ ಸಾಲುಗಳು. ಕಡ್ಡಿ ತಳಿಗೆ ಹಳದಿ, ಗುಂಟೂರು ತಳಿಗೆ ಸಯಾನ್, ತೂಕ ದರಗಳ ಅಂಕಿಗೆ ಹಸಿರು. ನೀಲಿಯನ್ನು ಬೇಕೆಂದೇ ಬಿಟ್ಟೆ, ಕಪ್ಪು ಪರದೆಯ ಮೇಲೆ ಅದು ಓದಲು ಬರುವುದಿಲ್ಲ. ಡಬ್ಬಿ ತಳಿಗೆ ಕೆಂಪು ಕೊಡು ಎಂದು ಸಾಹುಕಾರರು ಆಸೆಪಟ್ಟರು. ಬಣ್ಣಕ್ಕೇ ಹೆಸರಾದ ಕಾಯಿ, ಅವರ ಮಾತು ಸರಿಯೇ. ಆದರೆ ಕೆಂಪನ್ನು ತಪ್ಪಿಗೆಂದೇ ಮೀಸಲಿಟ್ಟಿದ್ದೆ. ಡಬ್ಬಿಗೆ ಮೆಜೆಂಟಾ ಕೊಟ್ಟೆ.

ತಪ್ಪಿನ ನಿಯಮ ಇಷ್ಟೇ: ಅಂಕಿಗಳಿಗೆ ಅಂಟಿಕೊಂಡು ಓ ಅಕ್ಷರ ಬಂದರೆ ಇಡೀ ಸಂಖ್ಯೆಯ ಹಿನ್ನೆಲೆ ಕೆಂಪಾಗಬೇಕು. ಬರೆದು, ಆ ಗುರುವಾರದ ಫೈಲನ್ನೇ ತೆರೆದೆ. ಓ ಅಕ್ಷರವೊಂದೇ ಕೆಂಪು, ಅದರ ಆಚೀಚಿನ ಅಂಕಿಗಳು ಹಸಿರಾಗಿಯೇ ನಿಂತಿದ್ದವು. ಒಂದು ಗಂಟೆ ಒದ್ದಾಡಿದ ಮೇಲೆ ಕಾರಣ ತಿಳಿಯಿತು. ನ್ಯಾನೋ ನಿಯಮಗಳನ್ನು ಮೇಲಿನಿಂದ ಕೆಳಗೆ ಹಚ್ಚುತ್ತಾ ಬರುತ್ತದೆ. ಕೆಳಗಿನದು ಮೇಲಿನದರ ಮೇಲೆ ಬಳಿಯುತ್ತದೆ. ನನ್ನ ಹಸಿರು ಸಾಲು ಕೆಂಪಿನ ಕೆಳಗಿತ್ತು. ತಪ್ಪಿನ ಸಾಲನ್ನು ಕೊನೆಗೆ ಒಯ್ದೆ. 4, ಓ, 6, ಚುಕ್ಕಿ, 5 ಎಲ್ಲವೂ ಒಟ್ಟಿಗೆ ಕೆಂಪಾದವು. ಬಣ್ಣ ಬೇಡವೆನಿಸಿದಾಗ ಆಲ್ಟ್ ಹಿಡಿದು ವೈ ಒತ್ತಿದರೆ ಹೋಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ.

ಈ ಓ ಬಂದದ್ದು ಎಲ್ಲಿಂದ ಎಂಬುದೂ ಆಮೇಲೆ ಗೊತ್ತಾಯಿತು. ನನ್ನ ಜೊತೆ ಲಾಟು ಬರೆಯುವ ಅಣ್ಣ ಟೈಪಿಂಗ್ ಕಲಿತದ್ದು ಹಳೆಯ ಟೈಪ್‌ರೈಟರಿನಲ್ಲಿ. ಅಂಥ ಎಷ್ಟೋ ಯಂತ್ರಗಳಲ್ಲಿ ಸೊನ್ನೆಯ ಕೀಲಿಯೂ ಇರುತ್ತಿರಲಿಲ್ಲ, ಒಂದರ ಕೀಲಿಯೂ ಇರುತ್ತಿರಲಿಲ್ಲ. ಸೊನ್ನೆಗೆ ಓ, ಒಂದಕ್ಕೆ ಸಣ್ಣ ಎಲ್ ಒತ್ತುತ್ತಿದ್ದರು. ಮರುದಿನವೇ ಎಲ್ ಅಕ್ಷರವನ್ನೂ ಆ ಕೊನೆಯ ಸಾಲಿಗೆ ಸೇರಿಸಿದೆ. ಈಗ ಕೆಂಪು ಕಂಡ ಕೂಡಲೇ ಅಣ್ಣನೇ ಹಿಂದೆ ಹೋಗಿ ತಿದ್ದುತ್ತಾನೆ.